ವಿಲಾಯತಿ ಡಬ್ಬಿ, ಹುಣಸೂರಿನ ಕುಂಕುಮ

ಕಳೆದ ಗುರುವಾರ ನಮ್ಮ ಬಚ್ಚಲಮನೆಯಲ್ಲಿ ಒಂದು ಗೋಣಿಚೀಲ ಸುಟ್ಟುಹೋಯಿತು. ಅನಾಹುತವೇನೂ ಆಗಲಿಲ್ಲ. ಕಾಲೊರೆಸಲು ಹಾಸಿದ್ದ ಚೀಲದ ಮೇಲೆ ನೀರೊಲೆಯಿಂದ ಒಂದು ಕೆಂಡ ಉರುಳಿತ್ತು, ಅಷ್ಟೇ. ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದೆ. ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಬಲಗಾಲು ನನ್ನನ್ನು ಕೇಳದೆ ಮುಂದಕ್ಕೆ ಚಾಚಿಕೊಂಡು ನೆಲವನ್ನು ಬಲವಾಗಿ ಒತ್ತಿ ಹಿಡಿಯಿತು. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಎರಡು ಚೊಂಬು ನೀರು ಸುರಿದು ಬೆಂಕಿ ಆರಿಸಿ ಬಂದ ಸೊಸೆ ನನ್ನ ಭಂಗಿಯನ್ನು ಕಂಡು ಬಾಗಿಲಲ್ಲೇ ನಿಂತಳು.

"ಏನ್ ಮಾವ, ಬೆಂಕಿ ಅಂದ್ರೆ ಎದ್ದು ಓಡ್ಬೇಕು ತಾನೆ? ಕೂತಲ್ಲೇ ಏನು ತುಳೀತಾ ಇದೀರಿ?"

"ಬ್ರೇಕು" ಎಂದೆ.

ಅವಳು ಅಡಿಗೆಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ವಯಸ್ಸಾದವರಿಗೆ ತಲೆ ಕೆಟ್ಟಿತೆಂಬ ಅನುಮಾನ ಬಂದರೆ ನಮ್ಮ ಮನೆಯಲ್ಲಿ ಮೊದಲು ಕೊಡುವುದು ಮಜ್ಜಿಗೆ. ನಿಮಗೂ ಅಂಥ ಅನುಮಾನ ಬರುವ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಕಂಡದ್ದನ್ನು ಕಂಡೆ ಎನ್ನುತ್ತೇನೆ, ಕೇಳಿದ್ದನ್ನು ಕೇಳಿದೆ ಎನ್ನುತ್ತೇನೆ. ಒಮ್ಮೆ ಸಾಕ್ಷಿ ಹೇಳಿದವನಿಗೆ ಆ ಚಾಳಿ ಬಿಟ್ಟುಹೋಗುವುದಿಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ಮಹಾರಾಜರ ಸರ್ಕಾರದಲ್ಲಿ ನನಗೆ ಸಿಡುಬು ಬಾರದಂತೆ ದಾಕು ಹಾಕುವ ಕೆಲಸ. ಹುಣಸೂರಿನಲ್ಲಿ ಬಿಡಾರ, ಹೆಗ್ಗಡದೇವನಕೋಟೆಯ (ನಮ್ಮ ಬಾಯಲ್ಲಿ ಬರೀ ಕೋಟೆ) ಕಡೆಯ ಹಳ್ಳಿಗಳಲ್ಲಿ ಸುತ್ತಾಟ. ನಾನು ಬಸ್ಸಿನಿಂದ ಇಳಿದರೆ ಸಾಕು, ಊರಿನ ಮಕ್ಕಳೆಲ್ಲ ಏಕಕಾಲಕ್ಕೆ ಅಳಲು ಹಿಡಿಯುತ್ತಿದ್ದವು. ತೊಡೆಯ ಮೇಲೆ ಮದ್ದಿನ ಪೆಟ್ಟಿಗೆ ಇಟ್ಟುಕೊಂಡ ನನ್ನ ಪಕ್ಕದಲ್ಲಿ ಕೂರಲು ದೊಡ್ಡವರಿಗೂ ಇಷ್ಟವಿರಲಿಲ್ಲ. ಪೆಟ್ಟಿಗೆಯೊಳಗೆ ಸಿಡುಬಿನ ದೇವಿಯೇ ಕೂತಿದ್ದಾಳೆಂದು ಕೆಲವರ ನಂಬಿಕೆ. ಹೀಗಾಗಿ ಡ್ರೈವರ್ ಪಕ್ಕದ ಸೀಟು ನನಗೆ ಖಾಯಂ ಆಯಿತು. ಅದನ್ನು ನಾನು ಬಹಳ ದಿನ ಗೌರವವೆಂದೇ ತಿಳಿದಿದ್ದೆ.

ಬಸ್ಸಿನ ಮಾಲೀಕರು ಪುಟ್ಟಶೆಟ್ಟರು. ಅವರಿಗೆ ಎರಡು ಬಸ್ಸು. ಒಂದು ಹುಣಸೂರಿನಿಂದ ಕೋಟೆಗೆ, ಸಂತೆಯ ದಿನ ಅಲ್ಲಿಂದ ಮುಂದೆ ಹಂಪಾಪುರಕ್ಕೆ. ಅಮಲ್ದಾರರು, ಮರದ ಕಂಟ್ರಾಕ್ಟರುಗಳು, ನನ್ನಂಥ ಸರ್ಕಾರಿ ನೌಕರರು ಕೂರುವ ಬಸ್ಸಾದ್ದರಿಂದ ಶೆಟ್ಟರ ಪ್ರೀತಿಯೆಲ್ಲ ಅದರ ಮೇಲೆ. ಇನ್ನೊಂದು ಪಿರಿಯಾಪಟ್ಟಣಕ್ಕೆ ಹೋಗುತ್ತಿತ್ತು. ಅದರಲ್ಲಿ ಹೊಗೆಸೊಪ್ಪು, ಬೆಲ್ಲ, ಮೇಕೆ, ಜಾಗ ಉಳಿದರೆ ಮನುಷ್ಯರು. ಅದನ್ನು ಶೆಟ್ಟರು ಹೆಸರಿಟ್ಟು ಕರೆಯುತ್ತಲೂ ಇರಲಿಲ್ಲ, "ಅದು" ಎನ್ನುತ್ತಿದ್ದರು.

ಪೆಟ್ರೋಲು ಸಿಗದ ದಿನಗಳು. ಬಸ್ಸಿನ ಬೆನ್ನಿಗೆ ನೀರಿನ ಹಂಡೆಯಂಥ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಅನಿಲದಿಂದ ಇಂಜಿನ್ನು ಓಡಿಸುತ್ತಿದ್ದರು. ಏರು ಬಂದಾಗ ಇಳಿದು ತಳ್ಳುವುದು ಟಿಕೀಟಿನಲ್ಲೇ ಸೇರಿತ್ತು. ಮುಂದಕ್ಕೆ ಹೋಗುವುದೇ ಅಷ್ಟು ಕಷ್ಟವಾಗಿರುವಾಗ, ನಿಲ್ಲುವುದೂ ಕಷ್ಟವಾಗಬಹುದೆಂದು ನಮಗಾರಿಗೂ ಹೊಳೆದಿರಲಿಲ್ಲ.

ಪೆಟ್ರೋಲಿಗಿಂತ ಕಷ್ಟ ಬಿಡಿಭಾಗಗಳದ್ದು. ಹಡಗುಗಳು ಬರುತ್ತಿರಲಿಲ್ಲ. ಆದರೆ ಮೈಸೂರಿನ ಒಬ್ಬ ಮೋಟಾರು ಸಾಮಾನಿನ ವ್ಯಾಪಾರಿಯ ಹತ್ತಿರ ಮಾತ್ರ ಎಲ್ಲವೂ ಸಿಗುತ್ತಿತ್ತು, ಅದೂ ಸಿಂಹದ ಚಿತ್ರವಿದ್ದ ವಿಲಾಯತಿ ರಟ್ಟಿನ ಡಬ್ಬಿಯಲ್ಲಿ. ಜಗತ್ತಿನ ಸಮುದ್ರಗಳನ್ನೆಲ್ಲ ಮುಚ್ಚಿದ್ದರೂ ಈತನ ಅಂಗಡಿಗೆ ಬೇರೆ ಯಾವುದೋ ಸಮುದ್ರವಿತ್ತೆಂದು ತೋರುತ್ತದೆ. ಆತನಲ್ಲಿ ಒಂದು ಪದ್ಧತಿಯಿತ್ತು. ಹಳೆಯ ಖಾಲಿ ಡಬ್ಬಿಗಳನ್ನು ಹರಿಯದಂತೆ, ಮಡಿಕೆ ಬೀಳದಂತೆ ತಂದುಕೊಟ್ಟವರಿಗೆ ಎದುರಿನ ಹೋಟೆಲಿನಲ್ಲಿ ಮಸಾಲೆದೋಸೆ, ಮೇಲೊಂದು ಕಾಫಿ. ಪುಟ್ಟಶೆಟ್ಟರು ಡಬ್ಬಿಗಳನ್ನು ಮಗುವಿನಂತೆ ಪಂಚೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಆ ದೋಸೆಯ ವರ್ಣನೆಯನ್ನು ಒಂದು ವಾರ ನಾವೆಲ್ಲ ಕೇಳಬೇಕಾಗಿತ್ತು. ಖಾಲಿ ಡಬ್ಬಿಯಿಂದ ಆತನಿಗೇನು ಉಪಯೋಗವೆಂದು ಯಾರೂ ಕೇಳಲಿಲ್ಲ. ದೋಸೆ ಕೊಟ್ಟವನನ್ನು ಪ್ರಶ್ನೆ ಕೇಳುವುದು ನಮ್ಮ ಕಡೆ ರೂಢಿಯಲ್ಲಿಲ್ಲ.

ಹೊಸ ಸಾಮಾನು ಬಂದ ದಿನ ಶೆಟ್ಟರ ಶೆಡ್ಡಿನಲ್ಲಿ ಒಂದು ಸಣ್ಣ ಉತ್ಸವ. ಡಬ್ಬಿಯನ್ನು ಲಕ್ಷ್ಮಿಯ ಪಟದ ಮುಂದಿಟ್ಟು, ಸರಿಯಾಗಿ ಸಿಂಹದ ಹಣೆಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ನಿವಾಳಿಸಿ, ಆಮೇಲೆ ಮೇಸ್ತ್ರಿ ಇಬ್ರಾಹಿಂ ಸಾಬರ ಕೈಗೆ ಕೊಡುತ್ತಿದ್ದರು. ಸಾಬರ ಮನೆತನ ಗಾಡಿಚಕ್ರ ಮಾಡುವವರದು. ಮೋಟಾರು ಬಂದ ಮೇಲೆ ಅದಕ್ಕೂ ಚಕ್ರವಿದೆಯೆಂಬ ಧೈರ್ಯದಲ್ಲಿ ಈ ಕಸುಬಿಗೆ ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಅವರ ಹಲ್ಲಿನ ಮೇಲೆ ಅವರಿಗೆ ವಿಪರೀತ ನಂಬಿಕೆ. ಯಾವ ಸಾಮಾನನ್ನಾದರೂ ಬಾಯಿಗಿಟ್ಟು ಕಚ್ಚಿ ತೀರ್ಪು ಹೇಳುತ್ತಿದ್ದರು.

ಒಂದು ಸಲ ಕೋಟೆಯ ಬಸ್ಸಿಗೆ ಬ್ರೇಕಿನ ಪಟ್ಟಿ ಬಂತು. ಚಕ್ರದೊಳಗೆ ಉಜ್ಜಿ ಬಸ್ಸನ್ನು ನಿಲ್ಲಿಸುವ, ಅಂಗೈಯಗಲದ ದಪ್ಪ ಪಟ್ಟಿ ಅದು. ಸಾಬರು ಕಚ್ಚಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಚಪ್ಪರಿಸಿದರು.

"ಅಸ್ಲಿ ಇಂಗ್ಲಿಷ್ ಮಾಲು ಶೆಟ್ರೇ. ಹಲ್ಲು ಇಳೀತಾ ಇಲ್ಲ ನೋಡಿ."

ಶೆಟ್ಟರು ಪೂಜೆಗೆಂದು ಡಬ್ಬಿಯನ್ನು ಎತ್ತಿಕೊಂಡವರು ಹಾಗೇ ನಿಂತುಬಿಟ್ಟರು. ಸಿಂಹದ ಹಣೆಯಲ್ಲಿ ಆಗಲೇ ಕುಂಕುಮವಿತ್ತು! ಒಣಗಿ ಕಪ್ಪಾಗಿತ್ತು, ಆದರೆ ಕುಂಕುಮವೇ. ನಾನು ಬಸ್ಸಿಗೆ ಕಾಯುತ್ತ ಅಲ್ಲೇ ಇದ್ದೆ, ನೋಡಿದೆ.

"ಅಲ್ಲಾ ಕಣ್ರೀ," ಶೆಟ್ಟರು ಡಬ್ಬಿಯನ್ನು ಕಣ್ಣಿಗೊತ್ತಿಕೊಂಡರು. "ಕಂಪನಿಯೋರೇ ಪೂಜೆ ಮಾಡಿ ಕಳ್ಸವ್ರೆ! ಅಷ್ಟು ದೂರದಾಗೆ, ಆ ಬಿಳೀ ಜನಕ್ಕೆ ಎಂಥಾ ಭಕ್ತಿ ನೋಡ್ರಿ!"

"ಅಲ್ಲಿ ನಮ್ಮೋರು ಯಾರಾದ್ರೂ ಕೆಲ್ಸಕ್ಕೆ ಅವ್ರೇನೋ" ಎಂದ ಡ್ರೈವರ್ ಸಿದ್ದ.

ನೀವು ನಗುತ್ತಿದ್ದೀರಿ. ನಾನು ನಗಲಿಲ್ಲ. ಸಿಡುಬಿನ ಮದ್ದಿನ ಕೊಳವೆಗಳನ್ನು ಅವುಗಳ ಮೇಲಿನ ಲೇಬಲ್ಲಿನ ಭರವಸೆಯ ಮೇಲೆಯೇ ಊರೂರಿಗೆ ಹೊತ್ತು ತಿರುಗುತ್ತಿದ್ದವನು ನಾನು. ಬಿಸಿಲಿಗೆ ಸಿಕ್ಕಿ ಮದ್ದು ಸತ್ತಿದ್ದರೂ ಲೇಬಲ್ಲು ಅಷ್ಟೇ ಚೆನ್ನಾಗಿ ಓದಲು ಬರುತ್ತಿತ್ತು. ಮಗುವಿನ ತೋಳಿನಲ್ಲಿ ಬೊಕ್ಕೆ ಎದ್ದರೆ ಮಾತ್ರ ಮದ್ದಿಗೆ ಜೀವವಿತ್ತೆಂದು ತಿಳಿಯಬೇಕು. ಹಾಗಿರುವಾಗ ಶೆಟ್ಟರನ್ನು ನೋಡಿ ನಗಲು ನನಗೆ ಯಾವ ಅರ್ಹತೆಯಿತ್ತು? ಶೆಟ್ಟರು ಹಳೆಯ ಕುಂಕುಮದ ಮೇಲೆ ಹೊಸ ಕುಂಕುಮ ಹಚ್ಚಿದರು. ಪಟ್ಟಿ ಕೋಟೆಯ ಬಸ್ಸಿಗೆ ಏರಿತು.

ಅದೇ ಸಲ ವ್ಯಾಪಾರಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಇನ್ನೊಂದು ಕಟ್ಟನ್ನೂ ಕೊಟ್ಟಿದ್ದ. ಅದಕ್ಕೆ ಡಬ್ಬಿಯಿಲ್ಲ, ಸಿಂಹವಿಲ್ಲ, ಊರು ಹೆಸರೊಂದೂ ಇಲ್ಲ. ಸಾಬರು ಕಚ್ಚಿ, ಮುಖ ಹುಳ್ಳಗೆ ಮಾಡಿ, ಉಗಿದರು. ಶೆಟ್ಟರು "ಅದಕ್ಕೆ ಹಾಕ್ಬುಡಿ" ಎಂದರು. ಹೀಗೆ ಅದು ಪಿರಿಯಾಪಟ್ಟಣದ ಬಸ್ಸಿಗೆ, ಮೇಕೆಗಳ ಪಾಲಿಗೆ ಹೋಯಿತು.

ಆಮೇಲಿನ ಸಂತೆಯ ದಿನ ನಾವು ಕೋಟೆಯಿಂದ ಹಂಪಾಪುರಕ್ಕೆ ಹೋಗುತ್ತಿದ್ದೆವು. ಬಸ್ಸು ತುಂಬ ಜನ. ನನ್ನ ಹಿಂದೆಯೇ ಕೆಂಪವ್ವ ಎಂಬ ಮುದುಕಿ ಮಡಿಲಲ್ಲಿ ಹುಂಜ ಇಟ್ಟುಕೊಂಡು ಕೂತಿದ್ದಳು. ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರು, ಅದರ ಕೊನೆಗೆ ರಸ್ತೆ ಎಡಕ್ಕೆ ತಿರುಗುತ್ತದೆ, ತಿರುವಿನಾಚೆ ಹಳ್ಳ. ಇಳಿಜಾರು ಅರ್ಧ ಆಗಿರಬಹುದು. ಗೋಣಿ ಸುಟ್ಟ ವಾಸನೆ ಬಂತು. ಡ್ರಮ್ಮಿನ ಹತ್ತಿರ ಯಾರದೋ ಚೀಲ ಸುಡುತ್ತಿದೆಯೆಂದು ಹಿಂದಿನವರು ಜಗಳಕ್ಕೆ ನಿಂತರು. ನಾನು ಸಿದ್ದನ ಮುಖ ನೋಡಿದೆ. ಅದರಲ್ಲಿ ರಕ್ತವಿರಲಿಲ್ಲ. ಕೆಳಗೆ ನೋಡಿದೆ. ಅವನ ಬಲಗಾಲು ಒಂದು ಪೆಡಲನ್ನು ತುಳಿಯುತ್ತಿತ್ತು. ಅದು ತಳದ ಹಲಗೆಯವರೆಗೂ ಹೋಯಿತು. ಕಾಲೆತ್ತಿ ಮತ್ತೆ ತುಳಿದ. ಮತ್ತೆ ಹೋಯಿತು. ಕೈಬ್ರೇಕು ಎಳೆದ, ಅದು ಸಡಿಲವಾಗಿ ಅವನ ಕಡೆಗೇ ಬಂತು. ಗೇರು ಬದಲಿಸಲು ಹೋದ, ಅದು ಹಲ್ಲು ಕಡಿಯಿತು, ಒಪ್ಪಲಿಲ್ಲ. ಆಗ ನನ್ನ ಕಾಲೂ ನನ್ನ ಮುಂದಿದ್ದ ಬರೀ ಹಲಗೆಯನ್ನು ತುಳಿಯತೊಡಗಿತ್ತು.

"ಸ್ವಾಮೇರೇ, ಪೆಟ್ಗೆ ಬುಟ್ಬುಡಿ, ಕಂಬಿ ಇಡ್ಕಳಿ" ಎಂದ ಸಿದ್ದ, ಬಹಳ ಮೆತ್ತಗೆ.

ಅವನು ತಿರುವಿಗೆ ಹೋಗಲಿಲ್ಲ. ಬಲಗಡೆ ಕತ್ತಾಳೆ ಬೇಲಿ, ಬೇಲಿಯಾಚೆ ಕಣದಲ್ಲಿ ಮನೆಯೆತ್ತರದ ಹುಲ್ಲಿನ ಮೆದೆ. ಬೇಲಿಯನ್ನು ಸೀಳಿಕೊಂಡು ಬಸ್ಸು ಮೆದೆಯೊಳಗೆ ಹೊಕ್ಕಿತು. ಎಲ್ಲ ಕತ್ತಲಾಯಿತು. ಆ ಕತ್ತಲಲ್ಲಿ ಮೊದಲು ಕೇಳಿದ್ದು ಹುಂಜದ ಕೂಗು.

"ನಿನ್ ಮನೆ ಕಾಯೋಗ, ಸಂತೆಗ್ ಬುಡ್ಲಾ ಅಂದ್ರೆ ಮೆದೆಗ್ ತಂದ್ ಬುಟ್ಯಲ್ಲೋ!" ಕೆಂಪವ್ವ ಬೈಯುವಷ್ಟು ಗಟ್ಟಿಯಾಗಿದ್ದಾಳೆಂದು ತಿಳಿದು ನಮಗೆಲ್ಲ ಸಮಾಧಾನವಾಯಿತು. ಒಬ್ಬರ ತೋಳು ಮುರಿದಿತ್ತು, ಕೆಲವರಿಗೆ ಹಣೆ ಒಡೆದಿತ್ತು, ನನ್ನ ಕೊಳವೆಗಳೆಲ್ಲ ಪುಡಿಯಾಗಿದ್ದವು. ಯಾರೂ ಸಾಯಲಿಲ್ಲ. ಮೈತುಂಬ ಹುಲ್ಲು ಮೆತ್ತಿಕೊಂಡು ಒಬ್ಬೊಬ್ಬರಾಗಿ ಈಚೆ ಬಂದ ನಮ್ಮನ್ನು ನೋಡಿ ಕಣದಲ್ಲಿದ್ದ ಎತ್ತುಗಳು ಹಗ್ಗ ಕಿತ್ತುಕೊಂಡು ಓಡಿದವು.

ನಗು ಅಲ್ಲಿಗೆ ಮುಗಿಯಿತು. ಹುಣಸೂರಿನಲ್ಲಿ ಸಂಜೆಯೊಳಗೆ ಸುದ್ದಿ ಬೇರೆಯಾಗಿತ್ತು. ಸಿದ್ದ ಸಂತೆಯ ಅವಸರದಲ್ಲಿ ಬೇಕೆಂದೇ ಬಸ್ಸನ್ನು ಇಳಿಜಾರಿನಲ್ಲಿ ಬಿಟ್ಟನಂತೆ. ಪುಟ್ಟಶೆಟ್ಟರು ಹಾಗೆ ಹೇಳಿದ್ದು ದ್ವೇಷದಿಂದಲ್ಲ. ಸಿದ್ದನನ್ನು ಮರದ ಗಾಡಿ ಹೊಡೆಯುವುದು ಬಿಡಿಸಿ ಡ್ರೈವರ್ ಮಾಡಿದವರೇ ಅವರು. ಆದರೆ ವಿಲಾಯತಿ ಸಾಮಾನು, ಅದೂ ಎರಡೆರಡು ಸಲ ಪೂಜೆಯಾದದ್ದು, ಕೈಕೊಡುವುದೆಂದರೆ ಏನು? ಅದು ಸಾಧ್ಯವಿಲ್ಲ. ಹಾಗಾದರೆ ಉಳಿದವನು ಸಿದ್ದ ಒಬ್ಬನೇ. ಮೈಸೂರಿನಿಂದ ಮೋಟಾರು ಇನ್ಸ್‌ಪೆಕ್ಟರು ವಿಚಾರಣೆಗೆ ಬರುತ್ತಾರೆ, ಸಿದ್ದನ ಲೈಸೆನ್ಸು ರದ್ದಾಗುವುದು ಖಂಡಿತ ಎಂದು ಎಲ್ಲರೂ ಮಾತಾಡಿಕೊಂಡರು.

ಸಿದ್ದ ನನ್ನ ಬಿಡಾರಕ್ಕೆ ಬಂದು ಜಗಲಿಯ ಕೆಳಗೆ ನಿಂತ. ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದ.

"ಎತ್ತು ಮಾರಿ ಡ್ರೈವರ್‌ಕೆ ಕಲ್ತವ್ನು ಸ್ವಾಮಿ ನಾನು. ಲೈಸನ್ಸ್ ಕಿತ್ಕಂಡ್ರೆ ಗಾಡೀನೂ ಇಲ್ಲ, ಬಸ್ಸೂ ಇಲ್ಲ. ನೀವು ನೋಡಿದೀರಿ. ನೋಡಿದ್ದ ಹೇಳಿ, ಸಾಕು."

ಹೇಳುತ್ತೇನೆಂದೆ.

ವಿಚಾರಣೆ ನಡೆದದ್ದು ಶೆಟ್ಟರ ಶೆಡ್ಡಿನ ಮುಂದೆ. ಇನ್ಸ್‌ಪೆಕ್ಟರು ತೆಳ್ಳಗಿದ್ದರು, ಹ್ಯಾಟು ದೊಡ್ಡದಿತ್ತು. ಅದು ಕಿವಿಯವರೆಗೂ ಇಳಿಯುತ್ತಿದ್ದರಿಂದ ಪ್ರತಿ ಪ್ರಶ್ನೆಗೂ ಮೊದಲು ಅದನ್ನು ಮೇಲೆತ್ತಬೇಕಾಗಿತ್ತು. ಕೆಂಪವ್ವ ತನ್ನ ಹುಂಜದ ಸುಖದುಃಖ ಹೇಳಿದಳು. ಬಸ್ಸು ಹಾರಿತು ಎಂದ ಒಬ್ಬ. ನಿದ್ದೆಯಲ್ಲಿದ್ದೆ ಎಂದ ಇನ್ನೊಬ್ಬ. ಆಮೇಲೆ ನನ್ನನ್ನು ಕರೆದರು.

"ಡ್ರೈವರ್ ಬ್ರೇಕ್ ಹಾಕಿದ್ದನ್ನ ಕಣ್ಣಾರೆ ಕಂಡಿರಾ?"

"ಬ್ರೇಕ್ ಯಾವುದು ಅಂತ ನನಗೆ ಗೊತ್ತಿಲ್ಲ ಸ್ವಾಮಿ" ಎಂದೆ.

ಸುತ್ತ ನಿಂತವರು ನಕ್ಕರು. ಸಿದ್ದ ತಲೆ ತಗ್ಗಿಸಿದ.

"ಮತ್ತೇನು ಕಂಡಿರಿ?"

"ಕೆಳಗೆ ಮೂರು ಪೆಡಲ್ ಇದ್ದವು. ಬಲಗಾಲಿನಿಂದ ನಡುವಿನದನ್ನ ತುಳಿದ. ಅದು ಹಲಗೆ ಮುಟ್ಟಿತು. ಕಾಲೆತ್ತಿ ಮತ್ತೆ ಅದನ್ನೇ ತುಳಿದ. ಮೆದೆ ಬರೋವರೆಗೂ ತುಳೀತಾನೇ ಇದ್ದ."

"ಬಲಗಡೆ ಕೊನೇದರ ಮೇಲೆ ಕಾಲು ಇರಲಿಲ್ವೇ?"

"ಇರಲಿಲ್ಲ. ಅದೇ ಕಾಲು ನಡುವಿನದರ ಮೇಲಿತ್ತು."

ಇನ್ಸ್‌ಪೆಕ್ಟರು ಹ್ಯಾಟು ಎತ್ತಿ ನಾನು ಹೇಳಿದ್ದನ್ನು ಬರೆದುಕೊಂಡರು. ನಡುವಿನದೇ ಬ್ರೇಕು, ಬಲಗಡೆಯದು ವೇಗ ಹೆಚ್ಚಿಸುವುದೆಂದು ನನಗೆ ಆಮೇಲೆ ಗೊತ್ತಾಯಿತು. ನಾನು ಜೀವನದಲ್ಲಿ ಉಪಕಾರ ಮಾಡಿದ್ದು ಬಹುಪಾಲು ಹೀಗೆ, ತಿಳಿವಳಿಕೆಯ ಕೊರತೆಯಿಂದ.

ಶೆಟ್ಟರಿಗೆ ತಡೆಯಲಾಗಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದರು. "ಸ್ವಾಮಿ, ಬ್ರೇಕು ಹಿಡೀನಿಲ್ಲ ಅಂದ್ರೆ ನಂಬಬ್ಯಾಡಿ. ವಿಲಾಯ್ತಿ ಮಾಲು. ಕಂಪನಿಯೋರೇ ಕುಂಕುಮ ಇಟ್ಟು ಕಳ್ಸಿರೋದು, ನೋಡಿ."

"ಯಾರು ಕುಂಕುಮ ಇಟ್ಟು?"

"ಇಂಗ್ಲೆಂಡ್‌ನೋರು."

ಇನ್ಸ್‌ಪೆಕ್ಟರು ಈ ಸಲ ಹ್ಯಾಟನ್ನು ಪೂರ್ತಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಡಬ್ಬಿಯನ್ನು ತಿರುಗಿಸಿ ನೋಡಿದರು. ಕರಿಯ ಕುಂಕುಮವನ್ನು ಉಗುರಿನಿಂದ ಕೆರೆದರು. "ಖಾಲಿ ಡಬ್ಬಿಗಳನ್ನ ಏನು ಮಾಡ್ತೀರಿ ಶೆಟ್ಟರೇ?"

"ಮೈಸೂರಿನ ಅಂಗಡಿಗೇ ವಾಪಸ್ ಕೊಡ್ತೀನಿ. ಮಸಾಲೆದೋ..."

ಹೇಳುತ್ತ ಹೇಳುತ್ತ ಶೆಟ್ಟರ ದನಿ ಇಳಿಯಿತು. ದೋಸೆ ಎಂಬ ಮಾತು ಅರ್ಧಕ್ಕೇ ನಿಂತಿತು. ಅವರು ಡಬ್ಬಿಯ ಮೇಲಿನ ಸಿಂಹವನ್ನು ನೋಡಿದರು, ಹಿಂದೊಮ್ಮೆ ಅದೇ ಡಬ್ಬಿಗೆ ಕುಂಕುಮವಿಟ್ಟಿದ್ದ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಶೆಡ್ಡಿನ ಮುಂದೆ ಯಾರೂ ನಗಲಿಲ್ಲ. ನಗಬೇಕಾದ ಹೊತ್ತಿನಲ್ಲಿ ನಮ್ಮ ಜನ ಗಂಭೀರವಾಗಿಬಿಡುವುದು ನನಗೆ ಈಗಲೂ ಆಶ್ಚರ್ಯ.

ಇಬ್ರಾಹಿಂ ಸಾಬರೇ ಎದ್ದರು. ಡಬ್ಬಿಯ ಪಟ್ಟಿಯಲ್ಲಿ ಉಳಿದಿದ್ದ ಒಂದು ತುಂಡು, ಪತ್ರಿಕೆಯಲ್ಲಿ ಬಂದದ್ದರ ಒಂದು ತುಂಡು, ಎರಡನ್ನೂ ತಂದು ಕೆಂಡದ ಮೇಲಿಟ್ಟರು. ಡಬ್ಬಿಯದು ಮೊದಲು ಹೊಗೆಯಾಡಿತು, ಆಮೇಲೆ ಧಗ್ಗನೆ ಉರಿಯಿತು. ಅದೇ ವಾಸನೆ. ಗೋಣಿಯ ನಾರಿಗೆ ಡಾಂಬರು ಬಳಿದು ಒತ್ತಿ ಮಾಡಿದ್ದು. ಹೆಸರಿಲ್ಲದ್ದು ಕೆಂಪಗೆ ಕಾಯಿತು, ಉರಿಯಲಿಲ್ಲ. ಒಳಗೆ ಹೆಣೆದಿದ್ದ ಹಿತ್ತಾಳೆಯ ತಂತಿ ಹೊಳೆಯಿತು.

"ಮೂವತ್ತೆರಡು ಹಲ್ಲೂ ಸುಳ್ಳು ಹೇಳಿದ್ವಲ್ಲ ಶೆಟ್ರೇ!" ಸಾಬರು ಹಣೆ ಚಚ್ಚಿಕೊಂಡರು.

ಇನ್ಸ್‌ಪೆಕ್ಟರು ಹೆಸರಿಲ್ಲದ ತುಂಡನ್ನು ಇಕ್ಕಳದಿಂದ ಎತ್ತಿ ಹಿಂಬದಿ ನೋಡಿದರು. ಅಲ್ಲೊಂದು ಬಾಣದ ಗುರುತಿತ್ತು. ಬ್ರಿಟಿಷ್ ದೊರೆಗಳ ಮಿಲಿಟರಿ ಉಗ್ರಾಣದ ಸಾಮಾನಿಗೆ ಮಾತ್ರ ಹೊಡೆಯುವ ಗುರುತು. ಎಲ್ಲಿಂದಲೋ ಕದ್ದು ಬಂದದ್ದು, ಅದಕ್ಕೇ ಡಬ್ಬಿಯಿಲ್ಲ. ಖೋಟಾ ಮಾಲು ವಿಳಾಸ ಬರೆಸಿಕೊಂಡು ಮೆರೆಯುತ್ತಿತ್ತು, ಅಸಲಿ ಮಾಲು ಪತ್ರಿಕೆ ಹೊದ್ದು ತಲೆಮರೆಸಿಕೊಂಡಿತ್ತು. ಪಿರಿಯಾಪಟ್ಟಣದ ಮೇಕೆಗಳು ಅಷ್ಟು ದಿನವೂ ನಮಗಿಂತ ಕ್ಷೇಮವಾಗಿ ಪ್ರಯಾಣ ಮಾಡಿದ್ದವು.

"ಇದು ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ," ಎಂದರು ಇನ್ಸ್‌ಪೆಕ್ಟರು, ಗುರುತನ್ನು ಕೆಳಮುಖವಾಗಿ ಇಟ್ಟು. "ಇನ್ನೂ ಇದ್ದರೆ ಕೋಟೆಯ ಬಸ್ಸಿಗೂ ಇದನ್ನೇ ಹಾಕಿ." ಸಿದ್ದನ ಲೈಸೆನ್ಸನ್ನು ಅವನ ಕೈಗೇ ಕೊಟ್ಟರು. ಅಂಗಡಿಯ ವಿಳಾಸ ಮಾತ್ರ ಕೇಳಿ ತಿಳಿದುಕೊಂಡರು. ಅಲ್ಲಿ ಏನಾಯಿತೋ ನಾನು ಕಂಡಿಲ್ಲ.

ಲೈಸೆನ್ಸು ಉಳಿಯಿತು, ಆದರೆ ಬಸ್ಸು ಹೆಸರಿಲ್ಲದ ಪಟ್ಟಿ ಹಾಕಿಸಿಕೊಂಡು ರಿಪೇರಿಯಾಗಿ ಬಂದ ಸಂತೆಯ ದಿನ ಹತ್ತುವವರೇ ಇಲ್ಲ. ಕೋಟೆಯಲ್ಲಿ ಜನ ಬಸ್ಸಿನ ಸುತ್ತ ನಿಂತು ಅದನ್ನು ಮದುವೆಯ ಹೆಣ್ಣಿನಂತೆ ನೋಡುತ್ತಿದ್ದರು. ಜನ ಹತ್ತದ ಬಸ್ಸಿನ ಡ್ರೈವರಿಗೆ ಲೈಸೆನ್ಸು ಯಾಕೆ? ಸಿದ್ದ ನನ್ನ ಮುಂದೆ ಬಂದು ನಿಂತ. "ನೀವು ಕೂತ್ರೆ ಕೂತ್ಕತಾರೆ ಸ್ವಾಮೇರೇ."

ಇಳಿಜಾರು ನೆನಪಾಗಿ ಒಂದು ಹೆಜ್ಜೆ ಹಿಂದಿಟ್ಟೆ. ಆದರೂ ಹತ್ತಿದೆ. ಧೈರ್ಯದಿಂದಲ್ಲ, ಎಲ್ಲರೂ ನೋಡುತ್ತಿದ್ದರು. ನನ್ನ ಹಿಂದೆ ಕೆಂಪವ್ವ ಹತ್ತಿದಳು, ಈ ಸಲ ಹುಂಜವಿಲ್ಲದೆ. ಅವಳ ಹಿಂದೆ ಕೆಲವರು.

ಅದೇ ಇಳಿಜಾರು. ಅರ್ಧಕ್ಕೆ ಬರುವಾಗ ನಾನು ಕಣ್ಣು ಮುಚ್ಚಿದ್ದೆ. ಬಸ್ಸು ಒಮ್ಮೆ ಮುಗ್ಗರಿಸಿದಂತಾಗಿ ನಿಂತಿತು. ಕಣ್ಣು ಬಿಟ್ಟೆ. ಮೂತಿ ಕೆಳಗೆ ಮಾಡಿಕೊಂಡು ಇಡೀ ಬಸ್ಸು ಇಳಿಜಾರಿನ ನಟ್ಟನಡುವೆ ನಿಂತಿದೆ. ಸಿದ್ದ ಆ ಪಟ್ಟಿಯನ್ನೇ ಒತ್ತಿಸುವ ಕೈಬ್ರೇಕು ಎಳೆದು, ಗೇರು ತೆಗೆದು, ಇಂಜಿನ್ನು ಆರಿಸಿದ. ಕೆಳಗಿಳಿದು ನಡೆದುಹೋಗಿ ಬಸ್ಸಿನ ಮೂತಿಯ ಎದುರಿಗೆ, ನಾಲ್ಕು ಮಾರು ಕೆಳಗೆ, ನಡುರಸ್ತೆಯಲ್ಲಿ ನಮಗೆ ಬೆನ್ನು ಮಾಡಿ ಕೂತುಬಿಟ್ಟ. ಬೀಡಿ ಹಚ್ಚಿದ.

"ಏಳ್ಲಾ ಮೂದೇವಿ! ಬಸ್ಸು ನಿನ್ ಮ್ಯಾಲೇ ಬತ್ತದೆ ಕಣ್ಲಾ!" ಕಿಟಕಿಯಿಂದ ಕೆಂಪವ್ವ ಕೂಗಿಕೊಂಡಳು.

"ಬರ್ಲಿ ಬುಡವ್ವ" ಎಂದ ಸಿದ್ದ, ತಿರುಗದೆ. "ಬಂದ್ರೆ ತಪ್ಪು ನಂದೇ ಅಂತ ಯೋಳು."

ನಾನು ಇಳಿದೆ. ಯಾಕೆ ಇಳಿದೆನೆಂದು ಕೇಳಿದರೆ ಹೇಳಲಾರೆ. ಹೋಗಿ ಅವನ ಪಕ್ಕದಲ್ಲಿ ಕೂತೆ. ಬೆನ್ನ ಹಿಂದೆ ಬಿಸಿಯಾದ ಕಬ್ಬಿಣ ಟಿಕ್ ಟಿಕ್ ಎನ್ನುತ್ತ ಆರುತ್ತಿತ್ತು. ಬೆನ್ನೆಲುಬಿನ ಒಂದೊಂದು ಮಣಿಯೂ ಆ ಸದ್ದನ್ನು ಕೇಳಿಸಿಕೊಳ್ಳುತ್ತಿತ್ತು. ಸಿದ್ದನಿಗೆ ಆರಿದ ಬೀಡಿ ಹಚ್ಚಲು ಮೂರು ಕಡ್ಡಿ ಬೇಕಾದದ್ದನ್ನು ಆಗ ಕಂಡೆ. ಬೀಡಿ ಮುಗಿಯುವವರೆಗೆ ಕೂತೇ ಇದ್ದೆವು. ಆಮೇಲೆ ಅವನು "ಏಳಿ ಸ್ವಾಮಿ, ಸಂತೆ ಹೊತ್ತಾಯ್ತದೆ" ಎಂದ.

ಇಷ್ಟನ್ನೂ ನಾನು ಸೊಸೆಗೆ ಹೇಳಿದೆ. ಮೆದೆಗೆ ನುಗ್ಗಿದ ಬಸ್ಸಿನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇಳಿಜಾರಿನಲ್ಲಿ ನಿಂತ ಬಸ್ಸಿನದನ್ನು ಇಷ್ಟು ವರ್ಷ ಯಾರಿಗೂ ಹೇಳಿಯೇ ಇರಲಿಲ್ಲವೆಂದು ಹೇಳುವಾಗಲೇ ಗಮನಕ್ಕೆ ಬಂತು. ಅವಳು ಮಜ್ಜಿಗೆಯ ಲೋಟ ಎತ್ತಿಕೊಳ್ಳುತ್ತ ಕೇಳಿದಳು: "ಆ ಪಟ್ಟಿ ಆಮೇಲೆ ಎಷ್ಟು ಕಾಲ ಬಾಳಿಕೆ ಬಂತು ಮಾವ?"

ನನಗೆ ಗೊತ್ತಿಲ್ಲ. ಆ ಮಳೆಗಾಲಕ್ಕೆ ಮೊದಲೇ ನನಗೆ ಕೆ.ಆರ್. ನಗರಕ್ಕೆ ವರ್ಗವಾಯಿತು. ಆ ದಿನ, ಅಲ್ಲಿ, ನಾವಿಬ್ಬರು ಬಸ್ಸಿನೆದುರಿಗೆ ಕೂತಿದ್ದಷ್ಟು ಹೊತ್ತು ಹಿಡಿದಿತ್ತು. ಅಷ್ಟಕ್ಕೆ ನಾನು ಸಾಕ್ಷಿ.